ಅಗ್ಗದ ಉಳಿ, ದುಬಾರಿ ದುಡಿಮೆ

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಕೆಲಸ ಕೆಟ್ಟಾಗ ತನ್ನ ಕೈಯನ್ನು ಬಿಟ್ಟು ಕೈಯಲ್ಲಿರುವ ಉಪಕರಣವನ್ನು ದೂರುವವರನ್ನು ಕಂಡು ಹಿರಿಯರು ಆಡುತ್ತಿದ್ದ ಮಾತು ಅದು. ಮಾತಿನಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕೆಂಬುದನ್ನು ಗಾದೆ ಹೇಳುವುದಿಲ್ಲ. ಬಡಗಿಯ ಉಳಿ ಹತ್ತು ಪೆಟ್ಟಿಗೇ ಮೊಂಡಾದರೆ, ಯಂತ್ರ ರಿಪೇರಿ ಮಾಡುವವನ ಸ್ಪ್ಯಾನರು ನಟ್ಟಿನ ಮೂಲೆಗಳನ್ನು ಸವೆಸಿ ಜಾರಿದರೆ, ಗಾರೆ ಕೆಲಸದವನ ರಸಮಟ್ಟವೇ ಸುಳ್ಳು ಹೇಳಿದರೆ, ಆಗ ತಪ್ಪು ಯಾರದು? ಕೈಯದೋ, ಕೈಗೆ ಬಂದ ವಸ್ತುವಿನದೋ? ಈ ಪ್ರಶ್ನೆ ಇಂದು ನಮ್ಮ ನಾಡಿನ ಸಾವಿರಾರು ಕಸುಬುದಾರರ ಅನ್ನದ ಪ್ರಶ್ನೆಯಾಗಿದೆ. ಆದುದರಿಂದ ಅದನ್ನು ಸ್ವಲ್ಪ ನಿಧಾನವಾಗಿ ವಿಚಾರ ಮಾಡುವುದು ಸೂಕ್ತ.

ಯಾವುದಾದರೂ ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನೋಡಿ. ಮೊದಲು ಕಣ್ಣಿಗೆ ಬೀಳುವುದು ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆಗಳು. ಮುಚ್ಚಳ ತೆರೆದರೆ ಸ್ಪ್ಯಾನರು, ಸ್ಕ್ರೂಡ್ರೈವರು, ಇಕ್ಕಳ, ಬೈರಿಗೆಯ ಅಲಗುಗಳು ಕನ್ನಡಿಯಂತೆ ಹೊಳೆಯುತ್ತ ಸಾಲಾಗಿ ಕೂತಿರುತ್ತವೆ. ಸಮುದ್ರ ದಾಟಿ ಬಂದ ಆ ಇಡೀ ಪೆಟ್ಟಿಗೆಯ ಬೆಲೆಗೆ, ಪಕ್ಕದ ಕಪಾಟಿನಲ್ಲಿರುವ ದೇಶೀಯ ತಯಾರಿಕೆಯ ಒಳ್ಳೆಯ ಉಪಕರಣಗಳು ನಾಲ್ಕಾರು ಬಂದರೆ ಹೆಚ್ಚು. ಅದೇ ಊರಿನ ಇನ್ನೊಂದು ತುದಿಯಲ್ಲಿ ಗುಜರಿ ಅಂಗಡಿಯಿರುತ್ತದೆ. ಅಲ್ಲಿ ತುಕ್ಕು ಹಿಡಿದ ಕಬ್ಬಿಣದ ರಾಶಿಯ ನಡುವೆ ಯಾರೋ ಒಬ್ಬ ಬಡಗಿ ಒಂದು ಕಾಲದಲ್ಲಿ ಅಕ್ಕರೆಯಿಂದ ಬಳಸಿದ ಕೀಸುಳಿಯೋ, ಯಾವುದೋ ಕಾರ್ಖಾನೆಯಿಂದ ಹೊರಬಿದ್ದ ವೈಸೋ ತೂಕದ ಲೆಕ್ಕದಲ್ಲಿ ಮಾರಾಟಕ್ಕೆ ಬಿದ್ದಿರುತ್ತದೆ. ಹೊಸ ಕಸುಬುದಾರನ ಮುಂದೆ ಹೀಗೆ ಮೂರು ದಾರಿಗಳಿವೆ: ಹೊರದೇಶದ ಅಗ್ಗದ ಹೊಸದು, ನಮ್ಮ ದೇಶದ ಗಟ್ಟಿ ಹೊಸದು, ಮತ್ತು ಯಾರೋ ಬಳಸಿ ಬಿಟ್ಟ ಹಳೆಯದು. ಈ ಮೂರನ್ನೂ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದೇ ಇಂದಿನ ಮಾತಿನ ಉದ್ದೇಶ. ಬಾನುಲಿಯಲ್ಲಿ ಮಾರಾಟದ ಗುರುತುಗಳ ಹೆಸರು ಹೇಳಿ ಇದನ್ನು ಕೊಳ್ಳಿ, ಅದನ್ನು ಬಿಡಿ ಎನ್ನುವುದು ಸಲ್ಲದು. ಅದರ ಅಗತ್ಯವೂ ಇಲ್ಲ. ತೂಗುವ ಕ್ರಮವನ್ನು ತಿಳಿದರೆ ಗುರುತು ತಾನಾಗಿಯೇ ತಿಳಿಯುತ್ತದೆ.

ಈ ಮೂರು ದಾರಿಗಳೂ ಹಿಂದಿನಿಂದ ತೆರೆದಿದ್ದವಲ್ಲ. ಸ್ವಾತಂತ್ರ್ಯಾನಂತರದ ನಾಲ್ಕೈದು ದಶಕಗಳ ಕಾಲ ಆಮದಿನ ಮೇಲೆ ಬಿಗಿಯಾದ ನಿರ್ಬಂಧಗಳಿದ್ದವು. ವಿದೇಶದ ಉಪಕರಣ ಸಾಮಾನ್ಯನ ಕೈಗೆಟುಕುವ ವಸ್ತುವಾಗಿರಲಿಲ್ಲ. ನಾವು ಮಾಡಿದ್ದನ್ನೇ ನಾವು ಕೊಳ್ಳಬೇಕಾಗಿತ್ತು; ಅದು ಒಳ್ಳೆಯದಿದ್ದರೆ ನಮ್ಮ ಪುಣ್ಯ, ಕೆಟ್ಟದ್ದಿದ್ದರೆ ನಮ್ಮ ಕರ್ಮ. 1991ರ ಆರ್ಥಿಕ ಸುಧಾರಣೆಗಳೊಂದಿಗೆ ಬಾಗಿಲು ಸಡಿಲವಾಯಿತು. 2001ರ ಏಪ್ರಿಲ್ 1ರಂದು, ಉಳಿದಿದ್ದ 715 ಬಗೆಯ ಸರಕುಗಳ ಮೇಲಿನ ಪರಿಮಾಣ ನಿರ್ಬಂಧವನ್ನೂ ಭಾರತ ತೆಗೆದುಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚೀನಾ ದೇಶ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯನಾಯಿತು. ಈ ಎರಡು ಘಟನೆಗಳ ಫಲ ಇಂದು ನಮ್ಮ ಸಂತೆಗಳಲ್ಲಿಯೂ ಕಾಣುತ್ತದೆ. ಇದರಿಂದ ಒಳಿತಾಗಲಿಲ್ಲವೆಂದು ಹೇಳುವಂತಿಲ್ಲ. ವಿದ್ಯುತ್ ಬೈರಿಗೆಯನ್ನು ಕನಸಿನಲ್ಲಿಯೂ ಕಾಣದಿದ್ದ ಬಡಗಿಯ ಕೈಗೆ ಇಂದು ಅದು ಬಂದಿದೆ. ಆದರೆ ಆಯ್ಕೆ ಹೆಚ್ಚಿದಂತೆ ಆರಿಸುವ ಹೊಣೆಯೂ ಹೆಚ್ಚಿತು. ಆ ಹೊಣೆಗೆ ಬೇಕಾದ ತಿಳಿವಳಿಕೆಯನ್ನು ಮಾತ್ರ ಯಾರೂ ಪೆಟ್ಟಿಗೆಯೊಳಗೆ ಇಟ್ಟು ಕೊಡಲಿಲ್ಲ.

ಹಾಗಾದರೆ ಒಳ್ಳೆಯ ಉಪಕರಣವೆಂದರೇನು? ಇದಕ್ಕೆ ನಮ್ಮ ಭಾಷೆಯಲ್ಲಿಯೇ ಒಂದು ಸೊಗಸಾದ ಉತ್ತರವಿದೆ: ಹದ. ಮಣ್ಣಿಗೆ ಹದವಿದೆ, ಅಡುಗೆಗೆ ಹದವಿದೆ, ಚರ್ಮಕ್ಕೆ ಹದವಿದೆ. ಹಾಗೆಯೇ ಉಕ್ಕಿಗೂ ಹದವಿದೆ. ಉಳಿಯ ಉಕ್ಕಿನಲ್ಲಿ ಇಂಗಾಲದ ಅಂಶ ನೂರಕ್ಕೆ ಒಂದರ ಆಸುಪಾಸಿನಲ್ಲಿರುತ್ತದೆ. ಅದನ್ನು ಕೆಂಪಗೆ ಕಾಯಿಸಿ, ತಟ್ಟಿ ರೂಪಕ್ಕೆ ತಂದು, ಮತ್ತೆ ತಕ್ಕ ಶಾಖಕ್ಕೆ ಕಾಯಿಸಿ ಎಣ್ಣೆಯಲ್ಲಿಯೋ ನೀರಿನಲ್ಲಿಯೋ ಅದ್ದಿದರೆ ಉಕ್ಕು ಗಾಜಿನಂತೆ ಗಡುಸಾಗುತ್ತದೆ. ಗಡುಸಾದದ್ದು ಗಾಜಿನಂತೆಯೇ ಒಡೆಯಲೂ ಬಲ್ಲದು. ಆದುದರಿಂದ ಅದನ್ನು ಮತ್ತೊಮ್ಮೆ ಹಗುರವಾಗಿ, ಸುಮಾರು ಇನ್ನೂರಮೂವತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಬೇಕು. ಉಜ್ಜಿ ಬೆಳಗಿದ ಉಕ್ಕಿನ ಮೈಮೇಲೆ ಆಗ ಒಣಹುಲ್ಲಿನ ಬಣ್ಣ ಮೂಡುತ್ತದೆ. ಅನುಭವಿ ಕಮ್ಮಾರ ಆ ಬಣ್ಣವನ್ನು ಕಂಡೊಡನೆ ಬೆಂಕಿಯಿಂದ ತೆಗೆಯುತ್ತಾನೆ. ಇನ್ನೂ ಕಾಯಿಸಿದರೆ ಬಣ್ಣ ನೇರಳೆಗೆ, ಅನಂತರ ನೀಲಿಗೆ ತಿರುಗುತ್ತದೆ, ಅಲಗು ಮೆತ್ತಗಾಗುತ್ತದೆ. ಗಡುಸುತನ ಮತ್ತು ತಾಳಿಕೆ ಎಂಬ ಎರಡು ವಿರುದ್ಧ ಗುಣಗಳನ್ನು ಒಂದೇ ಅಲಗಿನಲ್ಲಿ ಒಂದುಗೂಡಿಸುವ ಕೌಶಲವೇ ಹದ.

ಅಗ್ಗದ ಉಪಕರಣದ ರಹಸ್ಯ ಇಲ್ಲಿಯೇ ಇದೆ. ಬೆಲೆಯನ್ನು ಇಳಿಸಬೇಕೆಂದು ಹೊರಟ ತಯಾರಕ ಆಕಾರದಲ್ಲಿ ಉಳಿತಾಯ ಮಾಡಲಾರ, ಹೊಳಪಿನಲ್ಲಿ ಮಾಡಲಾರ. ಅವೆರಡೂ ಕೊಳ್ಳುವವನ ಕಣ್ಣಿಗೆ ಬೀಳುತ್ತವೆ. ಕಣ್ಣಿಗೆ ಕಾಣದ ಮೂರು ಸ್ಥಳಗಳಲ್ಲಿ ಅವನು ಕೈ ಬಿಗಿಹಿಡಿಯುತ್ತಾನೆ. ಮೊದಲನೆಯದು ಲೋಹದ ಜಾತಿ. ಎರಡನೆಯದು ಹದ ಕೊಡುವ ಕೆಲಸ. ಮೂರನೆಯದು ಕೊನೆಯ ಪರೀಕ್ಷೆ. ನೂರು ಉಳಿಗಳಲ್ಲಿ ಹತ್ತು ಕೆಟ್ಟದ್ದಿದ್ದರೆ, ಒಳ್ಳೆಯ ತಯಾರಕ ಆ ಹತ್ತನ್ನು ತಾನೇ ಆರಿಸಿ ಎಸೆದು ಅದರ ನಷ್ಟವನ್ನು ಉಳಿದ ತೊಂಬತ್ತರ ಬೆಲೆಯಲ್ಲಿ ಸೇರಿಸುತ್ತಾನೆ. ಅಗ್ಗದ ತಯಾರಕ ನೂರನ್ನೂ ಮಾರುತ್ತಾನೆ. ಕೆಟ್ಟದ್ದನ್ನು ಆರಿಸಿ ಎಸೆಯುವ ಕೆಲಸವನ್ನು ಕೊಂಡವನಿಗೆ ಬಿಡುತ್ತಾನೆ. ಆದುದರಿಂದಲೇ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಎರಡು ಅಗ್ಗದ ಉಳಿಗಳಲ್ಲಿ ಒಂದು ಚೆನ್ನಾಗಿ ಬಾಳುವುದೂ ಇನ್ನೊಂದು ಮೊದಲ ವಾರವೇ ಬಾಯಿ ಹಾರುವುದೂ ಉಂಟು. ಪರೀಕ್ಷೆಯ ಖರ್ಚು ತಪ್ಪಿದ್ದಲ್ಲ. ಅದು ಕಾರ್ಖಾನೆಯಿಂದ ಕಸುಬುದಾರನ ತಲೆಗೆ ವರ್ಗವಾಗಿದೆ, ಅಷ್ಟೆ.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕದ ಸಲುವಾಗಿ ಅಗ್ಗದ ಉಳಿಗೆ 150 ರೂಪಾಯಿ, ಒಳ್ಳೆಯ ಉಳಿಗೆ 600 ರೂಪಾಯಿ ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ ಉಳಿಯುವುದು 450 ರೂಪಾಯಿ. ಅಗ್ಗದ ಉಳಿಯನ್ನು ದಿನಕ್ಕೆ ಐದು ಸಲ ಮಸೆಯಬೇಕು, ಒಳ್ಳೆಯದನ್ನು ಒಂದು ಸಲ ಮಸೆದರೆ ಸಾಕು ಎನ್ನೋಣ. ಒಂದು ಸಲಕ್ಕೆ ಐದು ನಿಮಿಷವೆಂದರೆ ದಿನಕ್ಕೆ ಇಪ್ಪತ್ತು ನಿಮಿಷದ ವ್ಯತ್ಯಾಸವಾಯಿತು. ವರ್ಷಕ್ಕೆ 300 ದಿನ ಕೆಲಸವಿದ್ದರೆ ಅದು ಒಟ್ಟು 100 ಗಂಟೆ. ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಹನ್ನೆರಡೂವರೆ ದಿನ. ದಿನಕ್ಕೆ 800 ರೂಪಾಯಿ ಕೂಲಿ ಎಂದರೂ 10,000 ರೂಪಾಯಿಯ ದುಡಿಮೆ ಮಸೆಗಲ್ಲಿನ ಮೇಲೆ ಸವೆದುಹೋಯಿತು. 450 ರೂಪಾಯಿ ಉಳಿಸಲು ಹೋಗಿ 10,000 ರೂಪಾಯಿ ಕಳೆದುಕೊಂಡಂತೆ. ಅಂಕಿಗಳನ್ನು ನಿಮ್ಮ ಊರಿನ ಕೂಲಿಗೆ, ನಿಮ್ಮ ಕೆಲಸದ ರೀತಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಲೆಕ್ಕದ ಮುಖ ಯಾವ ಕಡೆಗೆ ತಿರುಗಿದೆ ಎಂಬುದು ಬದಲಾಗುವುದಿಲ್ಲ. ಪ್ರತಿದಿನ ಕೈಯಲ್ಲಿರುವ ಉಪಕರಣದ ಬೆಲೆಯನ್ನು ಅಂಗಡಿಯಲ್ಲಿ ಒಮ್ಮೆ ಕೊಡುತ್ತೇವೆ. ಮಿಕ್ಕದ್ದನ್ನು ದಿನದಿನವೂ ಕಂತಿನಲ್ಲಿ ಕೊಡುತ್ತಲೇ ಇರುತ್ತೇವೆ.

ಇದು ಹಣದ ಮಾತಾಯಿತು. ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕೆಲಸ ಕಲಿಯಲು ಬಂದ ಹದಿನೆಂಟು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಮೊದಲ ಸಂಬಳದಲ್ಲಿ ಅವನು ಕೊಳ್ಳುವುದು ಅಗ್ಗದ ಉಪಕರಣವನ್ನೇ. ಅವನ ಗರಗಸ ಗೆರೆ ಬಿಟ್ಟು ಓಡುತ್ತದೆ, ಕೀಸುಳಿ ಮರವನ್ನು ನಯಗೊಳಿಸುವ ಬದಲು ಕೀಳುತ್ತದೆ. ನುರಿತ ಬಡಗಿಯಾದರೆ ಇದು ಉಪಕರಣದ ದೋಷವೆಂದು ಕೂಡಲೇ ಅರಿತುಕೊಳ್ಳುತ್ತಾನೆ, ತಿದ್ದಿಕೊಳ್ಳಲೂ ಬಲ್ಲ. ಹೊಸಬನಿಗೆ ಹಾಗಲ್ಲ. ಒಳ್ಳೆಯ ಉಪಕರಣ ಹೇಗೆ ಕೆಲಸ ಮಾಡುತ್ತದೆಂಬ ಅನುಭವವೇ ಅವನಿಗಿಲ್ಲ. ಆದುದರಿಂದ ಅವನು ತನ್ನ ಕೈಯನ್ನೇ ಶಂಕಿಸುತ್ತಾನೆ. ಈ ಕಸುಬು ತನ್ನ ಹಣೆಯಲ್ಲಿ ಬರೆದದ್ದಲ್ಲವೆಂದು ಬಗೆದು ಬೇರೆ ಕೂಲಿ ಹುಡುಕಿಕೊಂಡು ಹೋಗುತ್ತಾನೆ. ಗಾದೆಯ ನೆಲ ಇಲ್ಲಿ ನಿಜವಾಗಿಯೂ ಡೊಂಕಾಗಿತ್ತು. ಆದರೆ ಅವನು ತನ್ನ ಕಾಲನ್ನೇ ದೂರಿಕೊಂಡ. ಅಗ್ಗದ ಉಪಕರಣ ಕದಿಯುವ ವಸ್ತುಗಳಲ್ಲೆಲ್ಲ ಅತ್ಯಂತ ಬೆಲೆಬಾಳುವುದು ಈ ಆತ್ಮವಿಶ್ವಾಸ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಹೊರದೇಶದ್ದನ್ನು ಬಿಟ್ಟು ನಮ್ಮದನ್ನೇ ಕೊಳ್ಳಬೇಕೆಂಬುದು ತಾತ್ಪರ್ಯವೇ ಎಂದು ನೀವು ಕೇಳಬಹುದು. ತೀರ್ಮಾನ ಅಷ್ಟು ಸುಲಭವಲ್ಲ. ದೇಶದ ಹೆಸರು ಗುಣದ ಹೆಸರಲ್ಲ. ಚರಿತ್ರೆ ಇದನ್ನು ಮತ್ತೆ ಮತ್ತೆ ತೋರಿಸಿಕೊಟ್ಟಿದೆ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿಗೆ ಜರ್ಮನಿಯ ಪ್ರತಿನಿಧಿಯಾಗಿ ಹೋಗಿದ್ದ ಫ್ರಾನ್ಸ್ ರೂಲೋ ಎಂಬ ಹೆಸರಾಂತ ಎಂಜಿನಿಯರು, ತನ್ನ ದೇಶದ ಸರಕು ಅಗ್ಗ ಮತ್ತು ಕಳಪೆ ಎಂದು ತನ್ನವರಿಗೇ ಬರೆದು ತಿಳಿಸಿದ. ಆ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಚಾಕು, ಉಳಿ, ಅರಗಳಿಗೆ ಜಗತ್ಪ್ರಸಿದ್ಧವಾಗಿತ್ತು. ಶೆಫೀಲ್ಡಿನ ಗುರುತನ್ನು ಅನುಕರಿಸಿದ ಅಗ್ಗದ ಜರ್ಮನ್ ಸರಕು ಪೇಟೆಗೆ ನುಗ್ಗುತ್ತಿದೆಯೆಂದು ದೂರುಗಳೆದ್ದವು. 1887ರಲ್ಲಿ ಬ್ರಿಟನ್ ಒಂದು ಕಾಯಿದೆ ಮಾಡಿ, ಹೊರಗಿನ ಸರಕು ಬ್ರಿಟಿಷ್ ಹೆಸರಿನಲ್ಲಿ ಮಾರಾಟವಾಗದಂತೆ ಅದರ ತಯಾರಿಕೆಯ ದೇಶವನ್ನು ನಮೂದಿಸುವ ನಿಯಮ ತಂದಿತು. ‘ಮೇಡ್ ಇನ್ ಜರ್ಮನಿ’ ಎಂಬ ಮಾತು ಹೀಗೆ ಒಂದು ಎಚ್ಚರಿಕೆಯ ಚೀಟಿಯಾಗಿ ಪ್ರಸಿದ್ಧವಾಯಿತು. ಜರ್ಮನ್ನರು ಅವಮಾನವನ್ನು ಪಾಠವಾಗಿ ತೆಗೆದುಕೊಂಡರು. ಕೆಲವೇ ದಶಕಗಳಲ್ಲಿ ಅದೇ ಮೂರು ಪದಗಳು ಉತ್ತಮ ಗುಣದ ಮುದ್ರೆಯಾದವು.

ಜಪಾನಿನ ಕಥೆಯೂ ಇಂಥದೇ. ಎರಡನೆಯ ಮಹಾಯುದ್ಧದ ಅನಂತರದ ವರ್ಷಗಳಲ್ಲಿ ಜಪಾನಿನ ಮಾಲೆಂದರೆ ಆಟದ ಸಾಮಾನೆಂದು ಜಗತ್ತು ನಗುತ್ತಿತ್ತು. ಆ ದೇಶ 1949ರಲ್ಲಿ ಕೈಗಾರಿಕಾ ಪ್ರಮಾಣಗಳ ಗುರುತನ್ನು ಜಾರಿಗೆ ತಂದಿತು. 1950ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಅವರನ್ನು ಕರೆಸಿ ಗುಣನಿಯಂತ್ರಣದ ಉಪನ್ಯಾಸಗಳನ್ನು ಕೇಳಿತು. ಮರುವರ್ಷವೇ ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಮುಂದಿನದು ಎಲ್ಲರಿಗೂ ತಿಳಿದದ್ದೇ. ಇಂದು ಚೀನಾದಿಂದ ಬರುವುದೆಲ್ಲ ಕಳಪೆಯೆಂದು ತಿಳಿದವರೂ ಈ ಚರಿತ್ರೆಯನ್ನು ನೆನೆಯಬೇಕು. ಅತ್ಯಂತ ಸೂಕ್ಷ್ಮವಾದ ಯಂತ್ರಭಾಗಗಳೂ ಅಲ್ಲಿ ತಯಾರಾಗುತ್ತವೆ, ವಾರಕ್ಕೆ ಮುರಿಯುವ ಸ್ಪ್ಯಾನರೂ ತಯಾರಾಗುತ್ತದೆ. ಯಾವ ಬೆಲೆಗೆ ಬೇಕೆಂದು ತರಿಸುವ ವ್ಯಾಪಾರಿ ಕೇಳುತ್ತಾನೋ ಆ ಬೆಲೆಗೆ ತಕ್ಕ ಸರಕನ್ನು ಅವರು ಮಾಡಿಕೊಡುತ್ತಾರೆ. ನಮ್ಮ ಪೇಟೆಗೆ ಕಳಪೆ ಬಂದಿದ್ದರೆ, ಅದನ್ನು ಕಳಪೆ ಬೆಲೆಗೆ ಬೇಡಿದವರು ನಮ್ಮವರೇ ಎಂಬುದನ್ನು ಮರೆಯಬಾರದು.

ಇನ್ನು ನಮ್ಮ ಮನೆಯ ಮಾತು. ಉಕ್ಕಿನ ವಿಷಯದಲ್ಲಿ ನಾವು ಯಾರಿಗೂ ತಲೆ ತಗ್ಗಿಸಬೇಕಾಗಿರಲಿಲ್ಲ. ಯೂರೋಪಿನ ಗ್ರಂಥಗಳಲ್ಲಿ ‘ವೂಟ್ಜ್’ ಎಂದು ಹೆಸರಾದ ದಕ್ಷಿಣ ಭಾರತದ ಉಕ್ಕಿನ ಹೆಸರು ‘ಉಕ್ಕು’ ಎಂಬ ನಮ್ಮ ಮಾತಿನಿಂದಲೇ ಬಂದಿತೆಂಬುದು ವಿದ್ವಾಂಸರ ಅಭಿಪ್ರಾಯ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಅನಂತರ 1820ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ, ಸ್ಟೋಡಾರ್ಟ್ ಎಂಬ ಅಲಗು ತಯಾರಕನೊಡನೆ ಸೇರಿ ಈ ಉಕ್ಕಿನ ಗುಟ್ಟನ್ನರಿಯಲು ಪ್ರಯೋಗ ನಡೆಸಿದ. ಆ ಕುಲುಮೆಗಳು ಆರಿಹೋದವು. ಆದರೆ ತಯಾರಿಸುವ ಛಲ ಪೂರ್ತಿ ಆರಲಿಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿ ವಿಷವಾದೀತೆಂದು ರೈತರು ಹಿಂಜರಿದುದರಿಂದ ಮೊದಲ ನೇಗಿಲುಗಳನ್ನು ಮಾರಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಅದೇ ಮನೆತನದ ಉದ್ಯಮ 1941ರಲ್ಲಿ ಹರಿಹರದಲ್ಲಿ ಲೇತ್ ಯಂತ್ರಗಳ ಕಾರ್ಖಾನೆಯಾಗಿ ಬೆಳೆಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಸಹಯೋಗದೊಡನೆ ಬೆಂಗಳೂರಿನಲ್ಲಿ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಕೈ ಉಪಕರಣಗಳಿಗೆ ಪಂಜಾಬಿನ ಜಲಂಧರ್ ಮತ್ತು ಲೂಧಿಯಾನ, ರಾಜಸ್ಥಾನದ ನಾಗೌರ್ ಹೆಸರಾದವು. ಜಲಂಧರದ ಸ್ಪ್ಯಾನರುಗಳು ಅಮೆರಿಕ, ಯೂರೋಪುಗಳಿಗೂ ಹೋಗುತ್ತವೆ.

ಹಾಗೆಂದು ದೇಶೀಯವಾದದ್ದೆಲ್ಲವೂ ಉತ್ತಮವೆಂದು ಹೇಳಿದರೆ ಅದು ಅಭಿಮಾನವಾದೀತೇ ಹೊರತು ವಿವೇಕವಾಗದು. ಪೈಪೋಟಿಯಿಲ್ಲದ ಕಾಲದಲ್ಲಿ ನಮ್ಮ ಎಷ್ಟೋ ತಯಾರಕರು ಗುಣವನ್ನು ಕಡೆಗಣಿಸಿದರು. ಕೊಳ್ಳುವವನು ಎಲ್ಲಿ ಹೋದಾನೆಂಬ ಧೈರ್ಯ ಅವರಿಗಿತ್ತು. ಇಂದಿಗೂ ಬೀದಿಯ ಸರಕಿನಲ್ಲಿ ಸ್ವದೇಶಿ ಕಳಪೆಗೆ ಬರವಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆದರೆ ನಮ್ಮ ನೆಲದಲ್ಲಿಯೇ ತಯಾರಾದ ಒಳ್ಳೆಯ ಉಪಕರಣಕ್ಕೆ ಒಂದು ವಿಶೇಷ ಅನುಕೂಲವುಂಟು. ಅದರ ಹಿಂದೆ ಉತ್ತರ ಕೊಡುವವರಿರುತ್ತಾರೆ. ವಿದ್ಯುತ್ ಬೈರಿಗೆಯ ಸ್ವಿಚ್ಚು ಹೋಯಿತು, ಕಾರ್ಬನ್ ಬ್ರಷ್ಷು ಸವೆಯಿತು ಎಂದರೆ ಬಿಡಿಭಾಗ ಸಿಗುತ್ತದೆ. ದೂರು ಹೇಳಲು ವಿಳಾಸವಿರುತ್ತದೆ. ಐಎಸ್‌ಐ ಗುರುತಿದ್ದರೆ ಪ್ರಶ್ನಿಸಲು ಒಂದು ಪ್ರಮಾಣವಿರುತ್ತದೆ. ಹೆಸರು, ವಿಳಾಸ ಯಾವುದೂ ಇಲ್ಲದ ಅಗ್ಗದ ಯಂತ್ರಕ್ಕೆ ಹತ್ತು ರೂಪಾಯಿಯ ಬಿಡಿಭಾಗ ಸಿಗದೆ ಇಡೀ ಯಂತ್ರ ಕಸವಾಗುತ್ತದೆ. ರಿಪೇರಿಯಾಗದ ವಸ್ತುವನ್ನು ನಾವು ಕೊಂಡದ್ದಲ್ಲ, ಕೆಲಕಾಲ ಬಾಡಿಗೆಗೆ ಪಡೆದದ್ದು ಎಂದೇ ತಿಳಿಯಬೇಕು.

ಇನ್ನು ಮೂರನೆಯ ದಾರಿ, ಬಳಸಿದ ಉಪಕರಣದ್ದು. ಹಳೆಯದೆಂದರೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಆದರೆ ಮಲೆನಾಡಿನ ತೋಟದ ಕತ್ತಿಯನ್ನೂ ಬಯಲುಸೀಮೆಯ ಮಚ್ಚನ್ನೂ ನೋಡಿ. ಹಳ್ಳಿಯ ಕಮ್ಮಾರ ಅದನ್ನು ತಟ್ಟುವುದು ಬಹುಮಟ್ಟಿಗೆ ಲಾರಿಯ ಹಳೆಯ ಕಮಾನು ಪಟ್ಟಿಯಿಂದ. ಲಕ್ಷಾಂತರ ಸಲ ಬಾಗಿ ನಿಮಿರಿಯೂ ಮುರಿಯದಿರಲೆಂದು ಆರಿಸಿದ ಉಕ್ಕು ಅದು. ಅಂಥ ಉಕ್ಕನ್ನು ಅಗ್ಗದ ಹೊಸ ಕತ್ತಿಯಲ್ಲಿ ಯಾರೂ ಹಾಕಲಾರರು. ಎಷ್ಟೋ ಕಮ್ಮಾರರ ಅಡಿಗಲ್ಲೇ ಒಂದು ತುಂಡು ರೈಲುಕಂಬಿ. ಸವೆದ ಅರ ಮತ್ತೆ ಅರವಾಗದಿದ್ದರೂ ಕುಲುಮೆಯಲ್ಲಿ ಸೊಗಸಾದ ಚೂರಿಯಾಗುತ್ತದೆ. ಬಳಸಿದ ಲೋಹದಲ್ಲಿಯೂ ಸತ್ವ ಉಳಿದಿರುತ್ತದೆ ಎಂಬುದನ್ನು ನಮ್ಮ ಹಳ್ಳಿಗಳು ಬಹುಕಾಲದಿಂದ ಬಲ್ಲವು. ಗುಜರಿಯಲ್ಲಿ ಬಿದ್ದಿರುವ ಹಳೆಯ ಕೀಸುಳಿಗೂ ಇದೇ ಮಾತು. ತಕ್ಕ ಲೋಹವಿಲ್ಲದ ಉಪಕರಣ ಮೂವತ್ತು ವರ್ಷದ ಹಿಂದೆಯೇ ಮುರಿದು ಕರಗಿಹೋಗಿರುತ್ತಿತ್ತು. ಅದು ಇಂದಿಗೂ ಉಳಿದಿದೆಯೆಂದರೆ, ಅದೇ ಅದರ ಪರೀಕ್ಷೆಯ ಫಲಿತಾಂಶ.

ಆದರೂ ಹಳೆಯದನ್ನು ಕುರುಡಾಗಿ ಕೊಳ್ಳಬಾರದು. ಕೆಲವು ಸರಳ ಪರೀಕ್ಷೆಗಳಿವೆ. ತುಕ್ಕು ಮೇಲುಮೇಲಿನದಾದರೆ ಉಜ್ಜಿದರೆ ಹೋಗುತ್ತದೆ. ಗುಳಿಬಿದ್ದ ತುಕ್ಕು ಅಲಗಿನ ಬಾಯಿಯ ಬಳಿಯಿದ್ದರೆ ಆ ಉಳಿಯನ್ನು ಬಿಡಬೇಕು. ಎರಕದ ಮೈಯನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಗಂಟೆಯಂತೆ ನುಡಿದರೆ ಸರಿ, ಒಡಕು ದನಿ ಬಂದರೆ ಒಳಗೆ ಬಿರುಕಿದೆ. ಅಲಗಿನ ಅಂಚಿಗೆ ಒಳ್ಳೆಯ ಅರವನ್ನು ಮೆಲ್ಲಗೆ ತಾಗಿಸಿ. ಅರ ಜಾರಿದರೆ ಹದ ಉಳಿದಿದೆ, ಸಲೀಸಾಗಿ ಕಚ್ಚಿದರೆ ಉಕ್ಕು ಮೆತ್ತಗಾಗಿದೆ. ಅಂಚು ನೀಲಿಗಟ್ಟಿದ್ದರೆ ಯಾರೋ ಅವಸರದಲ್ಲಿ ಯಂತ್ರದ ಸಾಣೆಗೆ ಹಿಡಿದು ಹದ ಕೆಡಿಸಿದ್ದಾರೆಂದು ಅರ್ಥ. ಆ ಭಾಗವನ್ನು ತೆಗೆದುಹಾಕಿದ ಮೇಲೆ ಸಾಕಷ್ಟು ಉದ್ದ ಉಳಿಯುತ್ತದೆಯೇ ನೋಡಬೇಕು. ಹಳೆಯ ಲೇತ್ ಕೊಳ್ಳುವವರು ಹೊಸ ಬಣ್ಣಕ್ಕೆ ಮರುಳಾಗದೆ ಬೆಡ್ಡನ್ನು ಪರೀಕ್ಷಿಸಬೇಕು. ಗಿಡ್ಡ ಕೆಲಸಗಳೆಲ್ಲ ಚಕ್ಕಿನ ಹತ್ತಿರವೇ ನಡೆಯುವುದರಿಂದ ಸವೆತ ಅಲ್ಲಿ ಹೆಚ್ಚು. ಒಂದು ಉದ್ದನೆಯ ಕಂಬಿಯನ್ನು ಕಡೆದು ಎರಡು ತುದಿಗಳನ್ನು ಅಳೆದರೆ ಯಂತ್ರದ ನಿಜಸ್ಥಿತಿ ತಿಳಿಯುತ್ತದೆ. ಹರಿಹರದ ಆ ಕಾರ್ಖಾನೆ ಈ ಶತಮಾನದ ಆರಂಭದಲ್ಲಿಯೇ ಮುಚ್ಚಿತು. ಆದರೂ ಅಲ್ಲಿಯ ಲೇತುಗಳು ಸಣ್ಣ ಕಾರ್ಖಾನೆಗಳಲ್ಲಿ ಇಂದಿಗೂ ತಿರುಗುತ್ತಿವೆ, ಬೆಡ್ಡನ್ನು ಕೆರೆದು ಸಮ ಮಾಡಿಸಿಕೊಂಡು ಮತ್ತೊಂದು ಆಯುಷ್ಯಕ್ಕೆ ಸಿದ್ಧವಾಗುತ್ತಿವೆ. ತಯಾರಿಸಿದ ಸಂಸ್ಥೆಗಿಂತ ತಯಾರಾದ ಯಂತ್ರ ಹೆಚ್ಚು ಕಾಲ ಬಾಳಿತು.

ಹಳೆಯದಕ್ಕೆ ಒಂದು ಷರತ್ತೂ ಇದೆ. ಅದನ್ನು ಸರಿಪಡಿಸಲು ಸಮಯ ಬೇಕು, ತಿಳಿವಳಿಕೆ ಬೇಕು, ನೆರವಾಗುವ ಕೈಗಳು ಬೇಕು. ಸಾಣೆ ಹಿಡಿಯುವವನು, ಗರಗಸದ ಹಲ್ಲು ತಿದ್ದುವವನು, ಕಾವು ಕೂರಿಸುವವನು ಮೊದಲು ಪ್ರತಿ ಊರಿನಲ್ಲಿಯೂ ಇದ್ದರು. ಎಸೆದು ಹೊಸದು ಕೊಳ್ಳುವ ಕಾಲದಲ್ಲಿ ಅವರಿಗೆ ಕೆಲಸ ತಪ್ಪುತ್ತಿದೆ. ಅವರು ಇಲ್ಲವಾದರೆ ಹಳೆಯ ಒಳ್ಳೆಯ ಉಪಕರಣವೂ ನಿರುಪಯೋಗಿಯಾಗುತ್ತದೆ. ಅಗ್ಗದ ಸರಕು ತಾನು ಮಾತ್ರ ಬೇಗ ಸಾಯುವುದಿಲ್ಲ. ತನ್ನ ಜೊತೆಗೆ ರಿಪೇರಿಯ ವಿದ್ಯೆಯನ್ನೂ ಕರೆದುಕೊಂಡು ಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆಯೂ ಅಗ್ಗದ ಉಪಕರಣಕ್ಕೆ ಸ್ಥಾನವೇ ಇಲ್ಲವೆನ್ನುವುದು ನ್ಯಾಯವಲ್ಲ. ವರ್ಷಕ್ಕೆ ಎರಡು ಮೊಳೆ ಹೊಡೆಯುವ ಗೃಹಸ್ಥನಿಗೆ ಬಡಗಿಯ ಸುತ್ತಿಗೆ ಬೇಕಿಲ್ಲ. ಒಂದೇ ಕೆಲಸಕ್ಕೆ ಒಮ್ಮೆ ಬೇಕಾದ ವಿಚಿತ್ರ ಅಳತೆಯ ಸ್ಪ್ಯಾನರಿಗೆ ಸಾವಿರ ರೂಪಾಯಿ ಸುರಿಯುವುದೂ ಜಾಣತನವಲ್ಲ. ಸಿಮೆಂಟು, ಡಾಂಬರುಗಳಲ್ಲಿ ಬಿದ್ದು ಹೇಗೂ ಹಾಳಾಗುವ ಕೆಲಸಕ್ಕೆ ಅಗ್ಗದ್ದೇ ಸಾಕು. ನಿತ್ಯ ಅನ್ನ ಕೊಡುವ ಉಪಕರಣ ಬೇರೆ, ಮನೆಯ ಮೂಲೆಯಲ್ಲಿ ಆಪತ್ತಿಗೆಂದು ಇರುವ ಉಪಕರಣ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆದರೆ ಮೂರು ಬಗೆಯ ಉಪಕರಣಗಳಲ್ಲಿ ಚೌಕಾಶಿ ಸಲ್ಲದು. ಒಂದು, ಕತ್ತರಿಸುವಂಥದು, ಅದರ ಕಾರಣವನ್ನು ಆಗಲೇ ಹೇಳಿದೆ. ಎರಡು, ಅಳೆಯುವಂಥದು. ಸುಳ್ಳು ಹೇಳುವ ಮೂಲೆಮಟ್ಟ ಒಂದು ಬಾಗಿಲನ್ನಲ್ಲ, ಅದರಿಂದ ಗೆರೆ ಎಳೆದ ಪ್ರತಿಯೊಂದು ಬಾಗಿಲನ್ನೂ ಕೆಡಿಸುತ್ತದೆ. ಇದನ್ನು ಪರೀಕ್ಷಿಸಲು ಒಂದು ಸುಲಭೋಪಾಯವುಂಟು. ನೇರವಾದ ಹಲಗೆಯ ಅಂಚಿಗೆ ಮೂಲೆಮಟ್ಟವನ್ನು ಒತ್ತಿ ಗೆರೆ ಎಳೆಯಿರಿ. ಅದನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಸರಿ. ಬೇರೆಬೇರೆಯಾಗಿ ಅಗಲಿದರೆ ಮಟ್ಟ ಡೊಂಕಾಗಿದೆ. ರಸಮಟ್ಟವನ್ನೂ ತಿರುಗಿಸಿಟ್ಟು ಹೀಗೆಯೇ ನೋಡಬಹುದು. ಅಂಗಡಿಯಲ್ಲಿಯೇ ಈ ಪರೀಕ್ಷೆ ಮಾಡಲು ಸಂಕೋಚಪಡಬೇಕಾಗಿಲ್ಲ. ಮೂರು, ಪ್ರಾಣಕ್ಕೆ ಸಂಬಂಧಪಟ್ಟದ್ದು. ಚೂರು ಸಿಡಿಯುವ ಸುತ್ತಿಗೆ ಕಣ್ಣು ಕಳೆದೀತು. ವಾಹನದ ಕೆಳಗಿಟ್ಟ ಕಳಪೆ ಜ್ಯಾಕು ಜಾರಿದರೆ, ನಿರೋಧಕ ಹೊದಿಕೆ ಸರಿಯಿಲ್ಲದ ಬೈರಿಗೆ ವಿದ್ಯುತ್ತನ್ನು ಮೈಗೆ ಹಾಯಿಸಿದರೆ, ಆಮೇಲೆ ಲೆಕ್ಕ ಹಾಕಲು ಏನೂ ಉಳಿಯುವುದಿಲ್ಲ. ಈ ಮೂರನೆಯ ಬಗೆಯಲ್ಲಿ ಹಳೆಯದನ್ನು ಕೂಡ ಬಲ್ಲವರಿಗೆ ತೋರಿಸದೆ ಕೊಳ್ಳಬಾರದು.

ಕೊನೆಯದಾಗಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಒಳ್ಳೆಯದು ಒಳ್ಳೆಯದೇ, ಆದರೆ ಬಡವನ ಕೈಯಲ್ಲಿ ಹಣವೆಲ್ಲಿದೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅತ್ಯಂತ ನ್ಯಾಯವಾದದ್ದು. ಹಣವಿದ್ದವನು ಒಮ್ಮೆ ಕೊಂ‌ಡು ಇಪ್ಪತ್ತು ವರ್ಷ ಬಳಸುತ್ತಾನೆ. ಇಲ್ಲದವನು ವರ್ಷಕ್ಕೆರಡು ಸಲ ಅಗ್ಗದ್ದನ್ನು ಕೊಂಡು ಕೊನೆಗೆ ಹೆಚ್ಚು ಖರ್ಚು ಮಾಡುತ್ತಾನೆ. ಬಡತನ ದುಬಾರಿಯಾಗುವುದು ಹೀಗೆ. ಇದಕ್ಕೆ ಉಪದೇಶ ಮಾತ್ರ ಪರಿಹಾರವಲ್ಲ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಗಾರೆ ಕೆಲಸದವರು ಮೊದಲಾಗಿ 18 ಕಸುಬುಗಳವರಿಗೆ ಉಪಕರಣ ಕೊಳ್ಳಲು 15,000 ರೂಪಾಯಿವರೆಗಿನ ನೆರವಿನ ಏರ್ಪಾಡಿದೆ. ಆ 18ರಲ್ಲಿ ಸುತ್ತಿಗೆ ಮತ್ತು ಉಪಕರಣ ತಯಾರಿಸುವವರೂ ಸೇರಿದ್ದಾರೆಂಬುದು ಗಮನಾರ್ಹ. ಇಂಥ ನೆರವಿನಲ್ಲಿ ಐವತ್ತು ಹೊಳೆಯುವ ತುಂಡುಗಳ ಪೆಟ್ಟಿಗೆ ಬಂದರೆ ಅದು ಎರಡು ವರ್ಷದಲ್ಲಿ ಗುಜರಿಗೆ ಹೋದೀತು. ಎಂಟು ಹತ್ತು ಒಳ್ಳೆಯ ಉಪಕರಣಗಳು ಬಂದರೆ ಅವು ಮಗನ ಕೈಗೂ ಮಗಳ ಕೈಗೂ ದಾಟಿಯಾವು. ಕೊಡುವವರೂ ಪಡೆಯುವವರೂ ಸಂಖ್ಯೆಯನ್ನು ಬಿಟ್ಟು ಗುಣವನ್ನು ಎಣಿಸಬೇಕು. ಒಂದೇ ಬೀದಿಯ ನಾಲ್ಕು ಜನ ಬಡಗಿಗಳು ಕೂಡಿ, ಅಪರೂಪಕ್ಕೆ ಬೇಕಾಗುವ ದುಬಾರಿ ಯಂತ್ರವೊಂದನ್ನು ಹಂಚಿಕೊಂಡು ಬಳಸುವುದೂ ಅಸಾಧ್ಯವಲ್ಲ.

ಯಾವ ನೆರವೂ ಸಿಗದವರಿಗೆ ನಮ್ಮ ಸಂಪ್ರದಾಯದಲ್ಲಿಯೇ ಒಂದು ದಾರಿಯಿದೆ. ಮಹಾನವಮಿಯ ದಿನ ನಾವು ಆಯುಧಪೂಜೆ ಮಾಡುತ್ತೇವೆ. ಉಳಿ, ಸುತ್ತಿಗೆ, ಗರಗಸಗಳನ್ನು ತೊಳೆದು, ಎಣ್ಣೆ ಒರೆಸಿ, ಕುಂಕುಮವಿಟ್ಟು ಕೈಮುಗಿಯುತ್ತೇವೆ. ವರ್ಷಕ್ಕೊಮ್ಮೆ ಆ ಹಬ್ಬಕ್ಕೆಂದು ದಿನಕ್ಕಿಷ್ಟು ಕೂಡಿಟ್ಟು, ಒಂದೇ ಒಂದು ಒಳ್ಳೆಯ ಉಪಕರಣವನ್ನು, ಹೊಸದೋ ಹಳೆಯದೋ, ಪರೀಕ್ಷಿಸಿ ತಂದು ಆ ಸಾಲಿನಲ್ಲಿಡುವ ಪದ್ಧತಿಯನ್ನು ಹಾಕಿಕೊಂಡರೆ ಹತ್ತು ವರ್ಷದಲ್ಲಿ ಸಮೃದ್ಧವಾದ ಉಪಕರಣ ಪೆಟ್ಟಿಗೆಯೊಂದು ಸಿದ್ಧವಾಗುತ್ತದೆ. ನಾವು ಕೈಮುಗಿದು ನಿಲ್ಲುವ ವಸ್ತು ಮುಂದಿನ ನವಮಿಯವರೆಗಾದರೂ ಬಾಳುವಂಥದಾಗಿರಬೇಡವೇ? ಕೊಳ್ಳುವಾಗ ಅದು ಯಾವ ದೇಶದ್ದೆಂದು ಕೇಳುವ ಮೊದಲು, ಅದರ ಹದ ಹೇಗಿದೆ ಎಂದು ಕೇಳಿ. ಬೆಲೆಯೆಷ್ಟೆಂದು ಕೇಳಿದ ಮೇಲೆ, ಬಾಳಿಕೆಯೆಷ್ಟೆಂದೂ ಕೇಳಿ. ಕೊಳ್ಳುವವರು ಹೀಗೆ ಕೇಳತೊಡಗಿದರೆ ಮಾಡುವವರೂ ಮಾರುವವರೂ ತಾವಾಗಿಯೇ ಒಳ್ಳೆಯದನ್ನು ತಂದಿಡುತ್ತಾರೆ.